ಕಾರಿನ ಡಿಆರ್‌ಎಲ್‌ಗೆ ರೀಕಾಲ್ ಬಂದಿದೆಯಾ? ಒಂದೊಂದೇ ಹೆಜ್ಜೆ ಹೀಗೆ ಇಡಿ

ಈ ಪ್ರಶ್ನೆ ಪದೇ ಪದೇ ಬರುತ್ತಿದೆ: "ನಮ್ಮ ಕಾರಿನ ಡಿಆರ್‌ಎಲ್‌ಗೆ ರೀಕಾಲ್ ಇದೆಯಂತೆ. ಆದರೆ ಲೈಟು ಚೆನ್ನಾಗೇ ಉರಿಯುತ್ತಿದೆ. ಶೋರೂಮಿಗೆ ಹೋಗಲೇಬೇಕಾ?"

ಹೋಗಲೇಬೇಕು. ಲೈಟು ಉರಿಯುತ್ತಿದೆ ಅನ್ನುವುದೇ ಕೆಲವು ಸಲ ದೋಷ ಆಗಿರುತ್ತದೆ. ಅದು ಹೇಗೆ ಅಂತ ಮೊದಲು ನೋಡೋಣ. ಆಮೇಲೆ ಏನೇನು ಮಾಡಬೇಕು ಅಂತ ಹೇಳುತ್ತೇನೆ.

ಡಿಆರ್‌ಎಲ್ ಅಂದರೇನು, ರೀಕಾಲ್ ಅಂದರೇನು

ಡಿಆರ್‌ಎಲ್ ಅಂದರೆ ಡೇಟೈಮ್ ರನ್ನಿಂಗ್ ಲೈಟ್. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಮುಂದೆ ತಾನಾಗಿ ಹೊತ್ತಿಕೊಳ್ಳುವ ಹಗಲು ದೀಪ. ಇದು ನಿಮಗೆ ರಸ್ತೆ ತೋರಿಸಲು ಇರುವುದಲ್ಲ, ಎದುರಿನವರಿಗೆ ನಿಮ್ಮನ್ನು ತೋರಿಸಲು ಇರುವುದು. ಕೆನಡಾದಲ್ಲಿ 1989ರ ಡಿಸೆಂಬರ್‌ನಿಂದ ತಯಾರಾದ ಹೊಸ ಗಾಡಿಗಳಿಗೆಲ್ಲ ಇದು ಕಡ್ಡಾಯ. ಯುರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಲ್ಲ, ಆದರೆ ಹಾಕಿದರೆ ನಿಯಮದ ಪ್ರಕಾರವೇ ಇರಬೇಕು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರ್‌ಗಳಲ್ಲಿ ಲೈಟು ಸದಾ ಉರಿಯುತ್ತಿರುತ್ತದೆ, ಅಲ್ವಾ? ಅದಕ್ಕೆ ಎಎಚ್‌ಒ ಅನ್ನುತ್ತಾರೆ, ಅಂದರೆ ಆಟೋಮ್ಯಾಟಿಕ್ ಹೆಡ್‌ಲ್ಯಾಂಪ್ ಆನ್. ಉದ್ದೇಶ ಡಿಆರ್‌ಎಲ್‌ನದೇ.

ರೀಕಾಲ್ ಅಂದರೆ, ತಯಾರಿಕೆಯಲ್ಲೇ ಸುರಕ್ಷತೆಯ ದೋಷ ಉಳಿದುಬಿಟ್ಟಿದೆ ಎಂದು ಒಪ್ಪಿಕೊಂಡು ಕಂಪನಿ ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆಯಾಗಿ ಸರಿ ಮಾಡಿಕೊಡುವುದು. ಕಾರನ್ನೇ ಕಿತ್ತುಕೊಳ್ಳುತ್ತಾರೆ ಎಂದು ಕೆಲವರು ಹೆದರುತ್ತಾರೆ. ಹಾಗೇನಿಲ್ಲ. ಸಾಮಾನ್ಯವಾಗಿ ಒಂದು ಭಾಗ ಬದಲಿಸುತ್ತಾರೆ, ಇಲ್ಲವೇ ಸಾಫ್ಟ್‌ವೇರ್ ಹೊಸದು ಹಾಕುತ್ತಾರೆ.

ಉರಿಯುವ ಲೈಟೇ ದೋಷ ಆಗುವುದು ಹೇಗೆ

2022ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ 7 ಲಕ್ಷ 40 ಸಾವಿರಕ್ಕೂ ಹೆಚ್ಚು ಗಾಡಿಗಳಿಗೆ ರೀಕಾಲ್ ಹೊರಡಿಸಿತು. ಕ್ಯಾಡಿಲಾಕ್ ಎಸ್ಕಲೇಡ್, ಷೆವರ್ಲೆ ಟಾಹೋ, ಸಬರ್ಬನ್, ಜಿಎಂಸಿ ಯೂಕಾನ್ ಎಲ್ಲ ಆ ಪಟ್ಟಿಯಲ್ಲಿದ್ದವು. ದೋಷ ಇಷ್ಟೇ: ಹೆಡ್‌ಲೈಟ್ ಹಾಕಿದಾಗ ಡಿಆರ್‌ಎಲ್ ಆರಬೇಕಿತ್ತು, ಆರುತ್ತಿರಲಿಲ್ಲ. ಬಲ್ಬು ಸುಟ್ಟಿರಲಿಲ್ಲ, ವೈರು ಕಿತ್ತಿರಲಿಲ್ಲ. ತಪ್ಪು ಇದ್ದದ್ದು ಬಾಡಿ ಕಂಟ್ರೋಲ್ ಮಾಡ್ಯೂಲ್‌ನ ಸಾಫ್ಟ್‌ವೇರಿನಲ್ಲಿ. ಲೈಟು, ವೈಪರ್, ಬಾಗಿಲಿನ ಲಾಕ್ ಇಂಥವುಗಳಿಗೆಲ್ಲ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರ್ ಅದು.

ರಾತ್ರಿ ಡಿಮ್ ಹಾಕಿದಾಗ ಬೆಳಕು ಒಂದು ಗೆರೆಯಿಂದ ಮೇಲಕ್ಕೆ ಹೋಗದಂತೆ ಲೈಟಿನೊಳಗೇ ತಡೆ ಇರುತ್ತದೆ. ಗೋಡೆಯ ಎದುರು ಕಾರು ನಿಲ್ಲಿಸಿ ನೋಡಿ, ಆ ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಕಾಣುತ್ತದೆ. ಡಿಆರ್‌ಎಲ್‌ಗೆ ಆ ಗೆರೆ ಇಲ್ಲ. ಬಿಸಿಲಿನಲ್ಲೂ ಕಾಣಲಿ ಅಂತ ಅದು ನೇರವಾಗಿ ಎದುರಿನವರ ಕಣ್ಣಿಗೇ ಬೆಳಕು ಚೆಲ್ಲುತ್ತದೆ. ಕತ್ತಲಲ್ಲೂ ಪೂರ್ತಿ ಉರಿದರೆ ಎದುರು ಬರುವ ಬೈಕಿನವನಿಗೆ ರಸ್ತೆಯ ಅಂಚು ಕಾಣುವುದಿಲ್ಲ. ನಿಮಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಈ ದೋಷದ ಕಷ್ಟವೇ ಅದು: ತೊಂದರೆ ಆಗುವುದು ಬೇರೆಯವರಿಗೆ. ಅದಕ್ಕೇ ಜನ "ಆಮೇಲೆ ನೋಡೋಣ" ಅಂತ ಬಿಟ್ಟುಬಿಡುತ್ತಾರೆ.

ಹಗಲಿನಲ್ಲಿ ಡಿಆರ್‌ಎಲ್ ಹೊತ್ತಿಕೊಳ್ಳದೇ ಇರುವುದು, ಆಗಾಗ ಆರಿ ಹೊತ್ತುವುದು, ಲೈಟಿನೊಳಗೆ ನೀರು ಸೇರುವುದು, ಕನೆಕ್ಟರ್ ಬಿಸಿಯಾಗಿ ಕಂದುವುದು, ಇವೂ ದೋಷಗಳೇ. ಕನೆಕ್ಟರ್ ಬಿಸಿಯಾಗುವುದಕ್ಕೆ ಬೆಂಕಿಯ ಅಪಾಯವೂ ಸೇರಿಕೊಂಡಿರುತ್ತದೆ. ಅದನ್ನು ಒಂದು ದಿನವೂ ಮುಂದೂಡಬೇಡಿ.

ಹಂತ 1: ಚಾಸಿಸ್ ನಂಬರ್ ಕೈಯಲ್ಲಿಟ್ಟುಕೊಳ್ಳಿ

ಕಾರಿನ ಹೆಸರು, ವರ್ಷ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಮಾದರಿ, ಒಂದೇ ವರ್ಷ, ಪಕ್ಕದ ಮನೆಯ ಕಾರಿಗೆ ರೀಕಾಲ್ ಇರುತ್ತದೆ, ನಿಮ್ಮದಕ್ಕೆ ಇರುವುದಿಲ್ಲ. ಯಾವ ದಿನ, ಯಾವ ಪ್ಲಾಂಟಿನಲ್ಲಿ, ಯಾವ ಸಪ್ಲೈಯರ್ ಕೊಟ್ಟ ಭಾಗ ಹಾಕಿ ತಯಾರಾಯಿತು ಅನ್ನುವುದರ ಮೇಲೆ ಅದು ನಿಂತಿದೆ. ಅದನ್ನು ಹೇಳುವುದು ಚಾಸಿಸ್ ನಂಬರ್ ಒಂದೇ.

ಇದಕ್ಕೇ ವಿಐಎನ್ ಅಂತಲೂ ಹೇಳುತ್ತಾರೆ. ಅಕ್ಷರ, ಅಂಕಿ ಸೇರಿ ಒಟ್ಟು 17. ನಮ್ಮಲ್ಲಿ ಆರ್‌ಸಿ ಕಾರ್ಡಿನ ಮೇಲೆ, ಇನ್ಶೂರೆನ್ಸ್ ಪಾಲಿಸಿಯ ಮೇಲೆ ಇರುತ್ತದೆ. ಡಿಜಿಲಾಕರ್‌ನಲ್ಲಿ ಆರ್‌ಸಿ ಇಳಿಸಿಕೊಂಡಿದ್ದರೆ ಅಲ್ಲೇ ಸಿಗುತ್ತದೆ. ಅಮೆರಿಕ, ಕೆನಡಾದಲ್ಲಿರುವವರು ಡ್ರೈವರ್ ಕಡೆಯ ಮುಂದಿನ ಗಾಜಿನ ಕೆಳಮೂಲೆಯನ್ನು ಹೊರಗಿನಿಂದ ನೋಡಿದರೆ ಸಾಕು.

ಬರೆದುಕೊಳ್ಳುವಾಗ ಜಾಸ್ತಿ ಜನ ಎಡವುವ ಜಾಗ ಒಂದಿದೆ. ವಿಐಎನ್‌ನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಓ ಥರ ಕಂಡದ್ದು ಸೊನ್ನೆ, ಐ ಥರ ಕಂಡದ್ದು ಒಂದು. ತಪ್ಪು ಹೊಡೆದರೆ "ಈ ನಂಬರ್ ಇಲ್ಲ" ಅಂತ ಬರುತ್ತದೆ. ಜನ ಅದನ್ನೇ "ರೀಕಾಲ್ ಇಲ್ಲ" ಅಂತ ತಿಳಿದುಕೊಂಡು ಸುಮ್ಮನಾಗುತ್ತಾರೆ. ಫೋಟೊ ತೆಗೆದು ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 2: ರೀಕಾಲ್ ನಿಜವಾ, ನೀವೇ ಹುಡುಕಿ ನೋಡಿ

ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಕಂಪನಿಯ ತಾಣವನ್ನು ನೀವೇ ತೆರೆದು, ರೀಕಾಲ್ ಅಥವಾ ಸರ್ವೀಸ್ ಕ್ಯಾಂಪೇನ್ ಅನ್ನುವ ಪುಟಕ್ಕೆ ಹೋಗಿ ಚಾಸಿಸ್ ನಂಬರ್ ಹಾಕಿ. ರೀಕಾಲ್ ಕೆಲಸಕ್ಕೆ ಯಾರೂ ಒಟಿಪಿ ಕೇಳುವುದಿಲ್ಲ, ಬುಕಿಂಗ್ ದುಡ್ಡು ಕೇಳುವುದಿಲ್ಲ. ಕೇಳಿದರೆ ಅದು ಮೋಸ.

ಭಾರತದಲ್ಲಿ ಇರುವವರಿಗೆ: ವಾಹನ ತಯಾರಕರ ಸಂಘ ಸಿಯಾಮ್ 2012ರ ಜುಲೈನಲ್ಲಿ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ಜಾರಿಗೆ ತಂದಿತು. ಅದರ ತಾಣದಲ್ಲೂ ರೀಕಾಲ್ ಮಾಹಿತಿಯ ಪುಟ ಇದೆ. ಆದರೂ ನಿಮ್ಮ ಗಾಡಿಯ ಮಟ್ಟಿಗೆ ಕೊನೆಯ ಮಾತು ಕಂಪನಿಯ ತಾಣದ್ದೇ. ಸಿಗದಿದ್ದರೆ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ ಹೀಗೆ ಕೇಳಿ: "ಈ ಚಾಸಿಸ್ ನಂಬರಿಗೆ ಪೆಂಡಿಂಗ್ ರೀಕಾಲ್ ಅಥವಾ ಕ್ಯಾಂಪೇನ್ ಏನಾದರೂ ಇದೆಯಾ, ಸಿಸ್ಟಮ್‌ನಲ್ಲಿ ನೋಡಿ ಹೇಳಿ." ಎರಡೂ ಪದ ಬಳಸಿ. ಕೆಲವು ಕಡೆ ರೀಕಾಲ್ ಅನ್ನುವ ಪದವನ್ನೇ ಬಳಸುವುದಿಲ್ಲ, ಕ್ಯಾಂಪೇನ್ ಎಂದೇ ಹೇಳುತ್ತಾರೆ.

ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ: ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿಐಎನ್ ಹಾಕಿದರೆ ಬಾಕಿ ಇರುವ ರೀಕಾಲ್ ಎಲ್ಲ ಕಾಣುತ್ತದೆ. ಸೇಫರ್‌ಕಾರ್ ಅನ್ನುವ ಆ್ಯಪ್ ಕೂಡ ಇದೆ. ಕಾರಿನ ವಿವರ ಕೊಟ್ಟಿಟ್ಟರೆ ಹೊಸ ರೀಕಾಲ್ ಬಂದಾಗ ತಾನೇ ತಿಳಿಸುತ್ತದೆ. ಕಂಪನಿ ದೋಷವನ್ನು ಎನ್‌ಎಚ್‌ಟಿಎಸ್‌ಎಗೆ ತಿಳಿಸಿದ 60 ದಿನದೊಳಗೆ ಮಾಲೀಕರಿಗೆ ಅಂಚೆಯಲ್ಲಿ ಪತ್ರ ಬರಬೇಕು. ಆ ಲಕೋಟೆ ಜಾಹೀರಾತಿನ ಹಾಗೆ ಕಾಣುತ್ತದೆ ಅಂತ ಕಸಕ್ಕೆ ಹಾಕುವವರಿದ್ದಾರೆ. ಅದರ ಮೇಲೆ ಸಾರಿಗೆ ಇಲಾಖೆಯ ಮತ್ತು ಎನ್‌ಎಚ್‌ಟಿಎಸ್‌ಎಯ ಗುರುತು ಇದೆಯಾ ನೋಡಿ ಆಮೇಲೆ ಎಸೆಯಿರಿ.

ಸುದ್ದಿ ಬಂದ ದಿನವೇ ಹುಡುಕಿ "ಇಲ್ಲ" ಅಂತ ಬಂದರೆ ಅಲ್ಲಿಗೆ ಬಿಡಬೇಡಿ. ಹೊಸ ರೀಕಾಲ್‌ನ ಎಲ್ಲ ನಂಬರುಗಳು ತಾಣಕ್ಕೆ ಏರಲು ಸಮಯ ಬೇಕಾಗುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಿ.

ಕೆನಡಾದವರಿಗೆ ಟ್ರಾನ್ಸ್‌ಪೋರ್ಟ್ ಕೆನಡಾದ ರೀಕಾಲ್ ಪಟ್ಟಿ ಇದೆ. ಬ್ರಿಟನ್ನಿನಲ್ಲಿ ಸರ್ಕಾರಿ ತಾಣದಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೂ ಸಾಕು.

ಹಂತ 3: ಮನೆಯಲ್ಲೇ ಒಂದು ಪರೀಕ್ಷೆ ಮಾಡಿ

ಇದಕ್ಕೆ ಐದು ನಿಮಿಷ ಸಾಕು. ರೀಕಾಲ್ ಪಟ್ಟಿಯಲ್ಲಿ ನಿಮ್ಮ ಗಾಡಿ ಇರಲಿ, ಇಲ್ಲದಿರಲಿ, ಮಾಡಿ ನೋಡಿ.

ಕಾರನ್ನು ನೆರಳಿನಲ್ಲಿ ಗೋಡೆಗೆ ಮುಖ ಮಾಡಿ ಸುಮಾರು ಹತ್ತು ಅಡಿ ದೂರ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಎದುರು ಬೇಡ, ಪಕ್ಕದಲ್ಲಿ ಒಬ್ಬರು ನಿಂತು ನೋಡಲಿ. ಈಗ ಸ್ಟಾರ್ಟ್ ಮಾಡಿ. ಎರಡೂ ಕಡೆ ಡಿಆರ್‌ಎಲ್ ಒಂದೇ ಸಮ ಹೊತ್ತಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಅಥವಾ ಗೇರ್ 'ಪಿ'ಯಲ್ಲಿದ್ದರೆ ಡಿಆರ್‌ಎಲ್ ಹೊತ್ತುವುದಿಲ್ಲ. ಅದು ದೋಷವಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಮುಂದೆ ಹೆಡ್‌ಲೈಟ್ ಸ್ವಿಚ್ಚನ್ನು ಕೈಯಿಂದ ತಿರುಗಿಸಿ ಡಿಮ್ ಹಾಕಿ. ಡಿಆರ್‌ಎಲ್ ಆರಬೇಕು, ಇಲ್ಲವೇ ಚೆನ್ನಾಗಿ ಮಂಕಾಗಬೇಕು. ಈ ಎರಡನೆಯದು ಗಮನಿಸಿ: ತುಂಬ ಕಾರುಗಳಲ್ಲಿ ಅದೇ ಎಲ್‌ಇಡಿ ಪಟ್ಟಿ ರಾತ್ರಿ ಪಾರ್ಕಿಂಗ್ ಲೈಟಿನ ಕೆಲಸ ಮಾಡುತ್ತದೆ. ಹಾಗಾಗಿ ಪೂರ್ತಿ ಆರದೇ ಸಣ್ಣಗೆ ಉರಿಯುತ್ತಿದ್ದರೆ ಸರಿಯೇ. ಮೊದಲಿದ್ದಷ್ಟೇ ಜೋರಾಗಿ ಉಳಿದರೆ ಮಾತ್ರ ಅನುಮಾನ ಪಡಿ. ನೋಡಲು ನಿಂತವರನ್ನು ಕೇಳಿ: "ಸ್ವಿಚ್ ತಿರುಗಿಸಿದಾಗ ಬೆಳಕು ಬದಲಾಯ್ತಾ?"

ಆಮೇಲೆ ಎಡ, ಬಲ ಇಂಡಿಕೇಟರ್ ಹಾಕಿ. ಹಲವು ಕಾರುಗಳಲ್ಲಿ ಆಯಾ ಬದಿಯ ಡಿಆರ್‌ಎಲ್ ಆ ಹೊತ್ತಿಗೆ ಆರುತ್ತದೆ ಅಥವಾ ಮಂಕಾಗುತ್ತದೆ. ಒಂದು ಬದಿಯಲ್ಲಿ ಹಾಗಾಗಿ ಇನ್ನೊಂದು ಬದಿಯಲ್ಲಿ ಆಗದಿದ್ದರೆ ಬರೆದಿಟ್ಟುಕೊಳ್ಳಿ.

ಮೊಬೈಲ್‌ನಲ್ಲಿ ವಿಡಿಯೊ ತೆಗೆದರೆ ಒಳ್ಳೆಯ ದಾಖಲೆ. ಆದರೆ ವಿಡಿಯೊದಲ್ಲಿ ಲೈಟು ಪಟಪಟ ಮಿನುಗಿದಂತೆ ಕಂಡರೆ ಗಾಬರಿ ಬೇಡ. ಎಲ್‌ಇಡಿಯ ಬೆಳಕು ಕಡಿಮೆ ಮಾಡಲು ಅದನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತಾರೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ, ಅಷ್ಟೇ. ಬರಿಗಣ್ಣಿಗೂ ಮಿನುಗಿದರೆ ದೋಷ ಇದೆ.

ಲೈಟಿನ ಗಾಜಿನೊಳಗೂ ನೋಡಿ. ಗಾಡಿ ತೊಳೆದ ಮೇಲೆ ತೆಳ್ಳಗೆ ಮಂಜು ಹಿಡಿದು, ಲೈಟು ಹಾಕಿ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ಹನಿ ಹನಿಯಾಗಿ ಇಳಿಯುತ್ತಿದ್ದರೆ, ಕೆಳಗೆ ನೀರು ನಿಂತಿದ್ದರೆ ತೋರಿಸಲೇಬೇಕು.

ಹಂತ 4: ರಿಪೇರಿ ಆಗುವ ತನಕ ಹೀಗಿರಿ

ಡಿಆರ್‌ಎಲ್ ರೀಕಾಲ್ ಬಂದ ಮಾತ್ರಕ್ಕೆ ಸಾಮಾನ್ಯವಾಗಿ ಗಾಡಿ ನಿಲ್ಲಿಸಬೇಕಾಗಿಲ್ಲ. "ಓಡಿಸಬೇಡಿ" ಅನ್ನುವ ಎಚ್ಚರಿಕೆ ಬೇರೆಯೇ ಇದೆ, ಅಂಥದ್ದಾದರೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಹಗಲಲ್ಲಿ ಡಿಆರ್‌ಎಲ್ ಹೊತ್ತದಿದ್ದರೆ ಡಿಮ್ ಹಾಕಿಕೊಂಡೇ ಓಡಿಸಿ. ರಾತ್ರಿ ಆರದೇ ಉಳಿಯುವ ದೋಷವಾದರೆ ಆದಷ್ಟು ಬೇಗ ಬುಕ್ ಮಾಡಿ. ಅಲ್ಲಿಯವರೆಗೆ ಎರಡು ಕಡೆಯ ಓಡಾಟವಿರುವ ಕತ್ತಲೆ ರಸ್ತೆಯಲ್ಲಿ ರಾತ್ರಿ ಹೋಗುವುದನ್ನು ಕಡಿಮೆ ಮಾಡಿ.

ಫ್ಯೂಸ್ ಕಿತ್ತುಬಿಡಿ ಅಂತ ಯಾರಾದರೂ ಹೇಳುತ್ತಾರೆ. ಬೇಡ. ಅದೇ ಫ್ಯೂಸಿನಲ್ಲಿ ಪಾರ್ಕಿಂಗ್ ಲೈಟೋ ಇನ್ನೊಂದೋ ಸೇರಿಕೊಂಡಿರಬಹುದು. ಒಂದು ಸರಿಮಾಡಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುತ್ತೀರಿ.

ರೀಕಾಲ್ ಇಲ್ಲದವರೂ ಇದೊಂದನ್ನು ದಯವಿಟ್ಟು ಓದಿ. ಹೆಚ್ಚಿನ ಕಾರುಗಳಲ್ಲಿ ಡಿಆರ್‌ಎಲ್ ಹೊತ್ತಿದಾಗ ಹಿಂದಿನ ಲೈಟು ಹೊತ್ತಿರುವುದಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮಂಜು ಇಳಿದಾಗ ಇದು ನಿಜವಾದ ಅಪಾಯ. ಮುಂದೆ ಬೆಳಕು ಕಾಣುತ್ತಿದೆ, ಮೀಟರ್ ಬೋರ್ಡೂ ಬೆಳಗುತ್ತಿದೆ, ಹಾಗಾಗಿ ಲೈಟು ಹಾಕಿದ್ದೇನೆ ಅಂತಲೇ ಡ್ರೈವರ್ ಅಂದುಕೊಂಡಿರುತ್ತಾನೆ. ಹಿಂದಿನಿಂದ ಬರುವ ಬಸ್ಸಿಗೆ ಆ ಕಾರು ಕಾಣುವುದೇ ಇಲ್ಲ. ಬಂಪರ್ ಹತ್ತಿರ ಬಂದಾಗಷ್ಟೇ ಮಂಜಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಇದೇ ಕಾರಣಕ್ಕೆ ಕೆನಡಾ 2021ರ ಸೆಪ್ಟೆಂಬರ್‌ನಿಂದ ನಿಯಮ ಬಿಗಿ ಮಾಡಿದೆ. ಅಲ್ಲಿನ ಹೊಸ ಗಾಡಿಯಲ್ಲಿ ಡಿಆರ್‌ಎಲ್ ಜೊತೆ ಹಿಂದಿನ ಲೈಟೂ ಹೊತ್ತಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ಲೈಟೂ ತಾನಾಗಿ ಹೊತ್ತಬೇಕು, ಅದೂ ಇಲ್ಲದಿದ್ದರೆ ಡ್ರೈವರ್‌ಗೆ ಗೊತ್ತಾಗಲಿ ಅಂತ ಮೀಟರ್ ಬೋರ್ಡ್ ಕತ್ತಲಾಗಿಯೇ ಇರಬೇಕು. ನಮ್ಮಲ್ಲಿ ಸದ್ಯಕ್ಕೆ ನಾವೇ ಸ್ವಿಚ್ ತಿರುಗಿಸಬೇಕು. 'ಆಟೋ'ವನ್ನೂ ನಂಬಬೇಡಿ. ಹಗಲಿನ ಮಂಜು ಸೆನ್ಸರ್‌ಗೆ ಕತ್ತಲೆಯಾಗಿ ಕಾಣದೇ ಹೋಗಬಹುದು.

ಹಂತ 5: ಬುಕ್ ಮಾಡುವಾಗ

ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಯಾವುದಾದರೂ ಆಗುತ್ತದೆ. ಕಾರು ಕೊಂಡ ಶೋರೂಮಿಗೇ ಹೋಗಬೇಕು ಅಂತಿಲ್ಲ. ಹುಬ್ಬಳ್ಳಿಯಲ್ಲಿ ಕೊಂಡ ಕಾರನ್ನು ಮೈಸೂರಿನಲ್ಲಿ ಮಾಡಿಸಬಹುದು. ಫೋನ್ ಮಾಡಿದಾಗ ಕೇಳಬೇಕಾದದ್ದು ಎರಡೇ: ಪಾರ್ಟ್ ಸ್ಟಾಕ್ ಇದೆಯಾ, ಎಷ್ಟು ಹೊತ್ತಿನ ಕೆಲಸ. ಪಾರ್ಟ್ ಬಂದಿಲ್ಲ ಅಂದರೆ ಬಂದ ಮೇಲೆ ತಿಳಿಸಲು ನಿಮ್ಮ ನಂಬರ್ ಬರೆಸಿ, ಎರಡು ವಾರಕ್ಕೊಮ್ಮೆ ನೀವೇ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಿಂಜರಿಯಬೇಡಿ. ರೀಕಾಲ್ ಗಾಡಿಗೆ ಸೇರಿದ್ದು, ಮಾಲೀಕರಿಗಲ್ಲ. ನೀವು ಮೂರನೆಯ ಮಾಲೀಕರಾದರೂ, ವಾರಂಟಿ ಮುಗಿದಿದ್ದರೂ ಕೆಲಸ ಪುಕ್ಕಟೆಯೇ. ಆದರೆ ಕಂಪನಿಯ ಹತ್ತಿರ ಇರುವುದು ಮೊದಲ ಮಾಲೀಕರ ಫೋನ್ ನಂಬರ್. ಮೆಸೇಜು ಅವರಿಗೇ ಹೋಗುತ್ತಿರುತ್ತದೆ. ಕಾರು ಕೊಂಡ ವಾರವೇ ಸರ್ವೀಸ್ ಸೆಂಟರ್‌ನಲ್ಲಿ ನಿಮ್ಮ ನಂಬರ್ ಸೇರಿಸಿ.

ಹೊರಗಡೆ ಲೈಟು ಹಾಕಿಸಿದ್ದರೆ ಮೊದಲೇ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಎಲ್‌ಇಡಿ ಪಟ್ಟಿ ಹಾಕಿಸಿಕೊಂಡ ಕಾರುಗಳಲ್ಲಿ ಮೂಲ ವೈರನ್ನು ಕತ್ತರಿಸಿ ಜಾಯಿಂಟ್ ಹಾಕಿರುವುದು ಉಂಟು. ಆಗ ದೋಷ ಕಂಪನಿಯದೋ ಜಾಯಿಂಟಿನದೋ ಅಂತ ತಕರಾರು ಶುರುವಾಗುತ್ತದೆ. ಆಗುವುದಾದರೆ ಅದನ್ನು ತೆಗೆಸಿಕೊಂಡೇ ಹೋಗಿ.

ಹಂತ 6: ಜಾಬ್ ಕಾರ್ಡ್ ಓದದೇ ಸಹಿ ಹಾಕಬೇಡಿ

ಜಾಬ್ ಕಾರ್ಡ್ ಅಂದರೆ ಗಾಡಿ ಬಿಡುವಾಗ ಏನೇನು ಕೆಲಸ ಅಂತ ಬರೆದುಕೊಳ್ಳುವ ಹಾಳೆ. ನಮ್ಮ ಮನೆಯ ಕಾರನ್ನು ಹೀಗೇ ಬಿಟ್ಟಾಗ ಆ ಸರ್ವೀಸ್ ಸೆಂಟರಿನವರು ಬರೆದದ್ದು "ಲೈಟ್ ಚೆಕ್". ಸಂಜೆ "ಚೆಕ್ ಮಾಡಿದೆವು, ಓಕೆ" ಅಂತ ವಾಪಸ್ ಕೊಟ್ಟರು. ರೀಕಾಲ್ ಕೆಲಸ ಆಗಿರಲೇ ಇಲ್ಲ, ಇನ್ನೊಂದು ದಿನ ರಜೆ ಹಾಕಿ ಮತ್ತೆ ಹೋಗಬೇಕಾಯಿತು. ಆದ್ದರಿಂದ ರೀಕಾಲ್ ನಂಬರ್ ಅಥವಾ ಕ್ಯಾಂಪೇನ್ ಕೋಡ್ ಅನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಅದರ ಪಕ್ಕ ದುಡ್ಡಿನ ಕಾಲಂನಲ್ಲಿ ಸೊನ್ನೆ ಇರಲಿ. ಜೊತೆಗೆ ಜನರಲ್ ಸರ್ವೀಸ್, ವಾಷಿಂಗ್ ಸೇರಿಸುತ್ತೇವೆ ಅಂದರೆ ಬೇಕಾದರೆ ಮಾತ್ರ ಹೂಂ ಅನ್ನಿ. ರೀಕಾಲ್ ಮಾಡಿಸಲು ಬೇರೆ ಸರ್ವೀಸ್ ಮಾಡಿಸಲೇಬೇಕು ಅನ್ನುವ ನಿಯಮ ಇಲ್ಲ.

ಸಾಫ್ಟ್‌ವೇರ್ ಕೆಲಸವಾದರೆ ಕೆಲವು ಕಾರುಗಳಿಗೆ ಮನೆಯಲ್ಲೇ, ಇಂಟರ್ನೆಟ್ ಮೂಲಕ ಬರುತ್ತದೆ. ಜನರಲ್ ಮೋಟಾರ್ಸ್ ರೀಕಾಲ್‌ನಲ್ಲಿ ಎರಡೂ ದಾರಿ ಇದ್ದವು. ಮನೆಯಲ್ಲಿ ಮಾಡುವಾಗ ಕಾರು ನಿಂತಿರಬೇಕು, ಬ್ಯಾಟರಿ ಚೆನ್ನಾಗಿರಬೇಕು, ಅರ್ಧದಲ್ಲಿ ಆಫ್ ಮಾಡಬಾರದು.

ಗಾಡಿ ವಾಪಸ್ ತೆಗೆದುಕೊಳ್ಳುವಾಗ ಹಂತ 3ರ ಪರೀಕ್ಷೆಯನ್ನು ಅಲ್ಲೇ, ಸರ್ವೀಸ್ ಅಡ್ವೈಸರ್ ಎದುರಿಗೇ ಮಾಡಿ. ಲೈಟ್ ಯೂನಿಟ್ ಬಿಚ್ಚಿ ಹಾಕಿದ್ದರೆ ಹೆಡ್‌ಲೈಟಿನ ಎತ್ತರ ಸರಿಯಿದೆಯಾ ಅಂತಲೂ ಗೋಡೆಯ ಮೇಲೆ ನೋಡಿ. ಒಂದು ಬದಿ ಆಕಾಶ ನೋಡುತ್ತಿದ್ದರೆ ಅಲ್ಲೇ ಸರಿ ಮಾಡಿಸಿ.

ಹಂತ 7: ಮಾಡುವುದಿಲ್ಲ ಅಂದರೆ

ಮೊದಲು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆಯಿರಿ. ಚಾಸಿಸ್ ನಂಬರ್, ರೀಕಾಲ್ ಕೋಡ್, ಸರ್ವೀಸ್ ಸೆಂಟರಿನ ಹೆಸರು, ಹೋದ ತಾರೀಖು, ಅವರು ಹೇಳಿದ ಮಾತು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ದೂರು ಕೊಡಲು ಎರಡು ವರ್ಷದ ಗಡುವು ಇದೆ, ಕಳೆದುಕೊಳ್ಳಬೇಡಿ.

ನಿಮ್ಮ ಕಾರಿಗೆ ರೀಕಾಲ್ ಇಲ್ಲ, ಆದರೆ ದೋಷ ಇದೆ, ಅದೇ ಮಾದರಿಯ ಬೇರೆಯವರಿಗೂ ಇದೆ. ಆಗಲೂ ದಾರಿ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110ಎ ಎಂಬ ಸೆಕ್ಷನ್ ಸೇರಿಸಿದ್ದಾರೆ. ಸಾಕಷ್ಟು ಮಾಲೀಕರು ದೂರು ಕೊಟ್ಟರೆ ಕೇಂದ್ರ ಸರ್ಕಾರವೇ ರೀಕಾಲ್‌ಗೆ ಆದೇಶ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ದೂರನ್ನು ವಾಹನ್ ಪೋರ್ಟಲ್‌ನಲ್ಲಿ ಕೊಡಬೇಕು. ಒಬ್ಬೊಬ್ಬರೂ ಕೊಟ್ಟ ದೂರು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೂರು ಜನ ಬೈದರೆ ಬರುವುದಿಲ್ಲ. ಆದ್ದರಿಂದ ಗ್ರೂಪಿನಲ್ಲಿ ಬರೆಯುವವರಿಗೂ ದೂರು ಕೊಡಲು ಹೇಳಿ.

ಅಮೆರಿಕದಲ್ಲಿರುವವರು ಎನ್‌ಎಚ್‌ಟಿಎಸ್‌ಎಗೇ ದೂರು ಕೊಡಬಹುದು. ಅಲ್ಲಿ ಮೊದಲ ಮಾರಾಟದಿಂದ 15 ವರ್ಷದವರೆಗಿನ ಕಾರುಗಳಿಗೆ ರೀಕಾಲ್ ಕೆಲಸ ಪುಕ್ಕಟೆ ಮಾಡಿಕೊಡಲೇಬೇಕು. ರೀಕಾಲ್ ಬರುವ ಮೊದಲೇ ಅದೇ ದೋಷಕ್ಕೆ ಕೈಯಿಂದ ದುಡ್ಡು ಹಾಕಿದ್ದರೆ ಆ ರಸೀದಿ ಹುಡುಕಿ. ವಾಪಸ್ ಪಡೆಯುವ ವಿಧಾನ ಪತ್ರದಲ್ಲಿರುತ್ತದೆ. ಇನ್ನೊಂದು ಎಚ್ಚರಿಕೆ: ಅಲ್ಲಿ ದೊಡ್ಡ ಬಾಡಿಗೆ ಕಾರು ಕಂಪನಿಗಳು ರೀಕಾಲ್ ಬಾಕಿ ಇರುವ ಗಾಡಿ ಬಾಡಿಗೆಗೆ ಕೊಡುವಂತಿಲ್ಲ. ಹಳೆ ಕಾರು ಮಾರುವ ಡೀಲರ್‌ಗೆ ಅಂಥ ಕೇಂದ್ರ ಕಾನೂನಿನ ತಡೆ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು ವಿಐಎನ್ ಹಾಕಿ ನೋಡುವ ಕೆಲಸ ನಿಮ್ಮದೇ.

ಹಂತ 8: ಕಾಗದ ಎತ್ತಿಡಿ

ಕೆಲಸ ಮುಗಿದ ಮೇಲೆ ರೀಕಾಲ್ ಕೋಡ್ ಇರುವ ಬಿಲ್ ಕೇಳಿ ಪಡೆಯಿರಿ. ಸೊನ್ನೆ ರೂಪಾಯಿ ಬಿಲ್ ಅಂತ ಕೊಡದೇ ಕಳಿಸುತ್ತಾರೆ, ಬಿಡಬೇಡಿ. ಒಂದೆರಡು ವಾರದ ನಂತರ ಮತ್ತೆ ತಾಣದಲ್ಲಿ ಚಾಸಿಸ್ ನಂಬರ್ ಹಾಕಿ. ಬಾಕಿ ಪಟ್ಟಿಯಿಂದ ಹೋಗಿರಬೇಕು. ಹೋಗಿಲ್ಲ ಅಂದರೆ ಸರ್ವೀಸ್ ಸೆಂಟರಿನವರು ಸಿಸ್ಟಮ್‌ನಲ್ಲಿ ಏರಿಸಿಲ್ಲ ಅಂತ ಅರ್ಥ, ಬಿಲ್ ತೋರಿಸಿ ಏರಿಸಲು ಹೇಳಿ. ಆ ಬಿಲ್ಲಿನ ಒಂದು ಜೆರಾಕ್ಸ್ ಆರ್‌ಸಿ ಜೊತೆ ಕವರಿನಲ್ಲಿ ಇಡಿ, ಮುಂದೆ ಕಾರು ಮಾರಿದಾಗ ಕೊಂಡವರ ಕೈಗೆ ಅದನ್ನೂ ಕೊಡಿ.